ಮೇಜಿನ ಆಚೆಗೊಬ್ಬ ಸಜ್ಜನ: ಅನಂತನಾಗ್ ಮತ್ತು ಕನ್ನಡದ ಕಚೇರಿ ವಿಡಂಬನೆ

ಸರ್ಕಾರಿ ಕಚೇರಿಯನ್ನು ಕನ್ನಡ ಕಥನದ ರಂಗಸ್ಥಳವನ್ನಾಗಿಸಿದವರಲ್ಲಿ ತೀರ್ಥಹಳ್ಳಿ ಸೀಮೆಯ ಪಾಲು ದೊಡ್ಡದು. ಮೇಳಿಗೆಯ ಯು.ಆರ್. ಅನಂತಮೂರ್ತಿಯವರು ‘ಬರ’ವನ್ನು ಬರೆದರು, ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ‘ತಬರನ ಕತೆ’ಯನ್ನು ಬರೆದರು. ಎರಡನೆಯದನ್ನು 1986ರಲ್ಲಿ ತೆರೆಗೆ ತಂದ ಗಿರೀಶ ಕಾಸರವಳ್ಳಿಯವರು ಇದೇ ತಾಲ್ಲೂಕಿನ ಕೆಸಲೂರಿನವರು.

ತಬರನ ಪಾತ್ರಕ್ಕೆ ಕಾಸರವಳ್ಳಿಯವರು ಆರಿಸಿಕೊಂಡದ್ದು ವೃತ್ತಿಯಿಂದ ವಕೀಲರಾಗಿದ್ದ ಚಾರುಹಾಸನ್ ಅವರನ್ನು. ಪಿಂಚಣಿಗಾಗಿ ಅಲೆಯುವ ಕೆಳದರ್ಜೆಯ ನೌಕರ, ಕೊಳೆಯುತ್ತಿರುವ ಹೆಂಡತಿಯ ಕಾಲು, ಕದಲದ ಕಡತ: ಇವುಗಳ ನಡುವೆ ಆ ನಟ ತೋರಿಸಿದ್ದು ಆಕ್ರೋಶಕ್ಕಿಂತ ಹೆಚ್ಚಾಗಿ ಸರ್ಕಾರದ ಮೇಲಿನ ಅಚಲ ವಿಶ್ವಾಸವನ್ನು. ಚಿತ್ರಕ್ಕೆ ಸ್ವರ್ಣಕಮಲವೂ ನಟನಿಗೆ ರಾಷ್ಟ್ರಪ್ರಶಸ್ತಿಯೂ ಸಂದವು. ಅರ್ಜಿದಾರನ ದುಃಖವನ್ನು ಕನ್ನಡವು ಹೀಗೆ ಒಮ್ಮೆ ಪೂರ್ಣವಾಗಿ ಹೇಳಿಯಾಗಿದೆ. ಹೇಳದೆ ಉಳಿದಿರುವುದು ಮೇಜಿನ ಆಚೆ ಕುಳಿತವನ ಕಥೆ. ಅದಕ್ಕೆ ತಕ್ಕ ನಟನನ್ನು ಊಹಿಸುವುದಾದರೆ ಮೊದಲು ನೆನಪಾಗುವ ಹೆಸರು ಅನಂತನಾಗ್.

ಈ ಊಹೆಗೆ ಚರಿತ್ರೆಯ ಆಧಾರವಿದೆ. ಎಂ.ಎಸ್. ಸತ್ಯು ನಿರ್ದೇಶಿಸಿದ ‘ಬರ’ದಲ್ಲಿ ಅನಂತನಾಗ್ ಯುವ ಜಿಲ್ಲಾಧಿಕಾರಿ. ಕಣ್ಣೆದುರಿಗಿರುವ ಬರವನ್ನು ಬರವೆಂದು ಘೋಷಿಸಲು ರಾಜಕೀಯ ಬಿಡದು. ಅಧಿಕಾರಿಯ ಪ್ರಾಮಾಣಿಕತೆ ಅಲ್ಲಿ ನಿರುಪಯುಕ್ತವಾಗುತ್ತದೆ. ಮುಂದೆ 1990ರ ದಶಕದಲ್ಲಿ ಆ ನಟರು ಸ್ವತಃ ಶಾಸಕರಾಗಿ, ಜೆ.ಎಚ್. ಪಟೇಲರ ಸಂಪುಟದಲ್ಲಿ ಸಚಿವರಾಗಿ ಕಡತಗಳ ಲೋಕವನ್ನು ಒಳಗಿನಿಂದಲೇ ಕಂಡವರು. 1948ರಲ್ಲಿ ಜನಿಸಿದ ಅವರ ಮುಖದಲ್ಲಿ ಈಗ ವಯಸ್ಸಿನ ಗಾಂಭೀರ್ಯವಿದೆ. ದನಿಯಲ್ಲಿ ಅದೇ ಮಾರ್ದವ. ವಿಡಂಬನೆಗೆ ಬೇಕಾದುದು ಈ ಮಾರ್ದವವೇ.

ಊಹೆಯ ಚಿತ್ರಕ್ಕೆ ವಸ್ತುವನ್ನು ಭವಿಷ್ಯದಿಂದ ತರಬೇಕಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ಶರಾವತಿ ಸಂತ್ರಸ್ತರ ಪೈಕಿ ಅನೇಕರಿಗೆ ಅರಣ್ಯಭೂಮಿಯಲ್ಲಿ ನೆಲೆ ಸಿಕ್ಕಿತಾದರೂ, ಹಕ್ಕಿನ ತೊಡಕು ತಲೆಮಾರುಗಳನ್ನು ದಾಟಿ ಬಂದಿದೆ. ಅಡಿಕೆ ಮರ ಫಸಲು ಕೊಡುವ ನೆಲ ದಾಖಲೆಯಲ್ಲಿ ಕಾಡು. ಅಲ್ಲಿ ಹುಟ್ಟಿ ಮುದುಕನಾದವನು ಒತ್ತುವರಿದಾರ. ಇದಕ್ಕಿಂತ ವಿಪರೀತವಾದ ಲೋಕವನ್ನು ಯಾವ ಕಲ್ಪನೆ ಕಟ್ಟೀತು?

ಇಂಥ ಅರ್ಜಿಗಳ ಮುಂದೆ ‘ಬರ’ದ ಆ ಜಿಲ್ಲಾಧಿಕಾರಿಯಂಥವನೇ ವೃದ್ಧನಾಗಿ ಕುಳಿತಿದ್ದಾನೆಂದು ಭಾವಿಸಬಹುದು. ಅವನ ನಿವೃತ್ತಿಯ ಆದೇಶದ ಕಡತವೇ ಕಳೆದುಹೋಗಿರುವುದರಿಂದ ಅವನಿಗೆ ಬಿಡುಗಡೆಯಿಲ್ಲ. ಅವನು ಲಂಚ ಮುಟ್ಟುವುದಿಲ್ಲ. ಬಂದವರನ್ನು ಕೂರಿಸಿ, ಕಾಫಿ ತರಿಸಿ, ಮಾತನ್ನೆಲ್ಲ ಕೇಳುತ್ತಾನೆ. ಕೇಳಿ, ನಿಯಮವನ್ನು ಅತ್ಯಂತ ವಿನಯದಿಂದ ವಿವರಿಸುತ್ತಾನೆ. ಅರ್ಜಿದಾರ ಕೈಮುಗಿದು ಹೊರಡುತ್ತಾನೆ. ಏನೂ ಆಗಿರುವುದಿಲ್ಲ.

ಅಧಿಕಾರಿಯನ್ನು ಹೀಗೆ ಸಜ್ಜನನನ್ನಾಗಿಸಿದರೆ ನೋಡುಗನ ಕೋಪ ಕರಗಿಹೋಗದೇ ಎಂಬ ಆಕ್ಷೇಪ ಸಹಜ. ಆದರೆ ಖಳ ಅಧಿಕಾರಿ ಪ್ರೇಕ್ಷಕನಿಗೆ ಒಂದು ಸುಲಭದ ಸಮಾಧಾನವನ್ನು ಕೊಡುತ್ತಾನೆ: ಅವನನ್ನು ವರ್ಗಾಯಿಸಿದರೆ ಎಲ್ಲ ಸರಿಹೋಗುತ್ತದೆಂಬ ಸಮಾಧಾನ. ಕುರ್ಚಿಯಲ್ಲಿರುವವನು ಒಳ್ಳೆಯವನೆಂದಾಗ ಆ ದಾರಿ ಮುಚ್ಚುತ್ತದೆ; ಪ್ರಶ್ನೆ ವ್ಯಕ್ತಿಯನ್ನು ದಾಟಿ ವ್ಯವಸ್ಥೆಯ ಮೇಲೆ ನಿಲ್ಲುತ್ತದೆ. ಪ್ರಾಗ್ ನಗರದ ಕಾರ್ಮಿಕ ವಿಮಾ ಸಂಸ್ಥೆಯಲ್ಲಿ ದುಡಿದ ಕಾಫ್ಕಾನಿಗೂ ಕಚೇರಿ ಒಳಗಿನಿಂದ ಗೊತ್ತಿತ್ತು. ಅವನ ಲೋಕದ ಭೀತಿ ಯಾರೊಬ್ಬರ ಕ್ರೌರ್ಯದಿಂದ ಹುಟ್ಟುವುದಲ್ಲ.

ಹಿರಿಯ ನಟರಿಗೆ ಕನ್ನಡ ಚಿತ್ರರಂಗ ಸಾಮಾನ್ಯವಾಗಿ ಕಾದಿರಿಸುವುದು ಅಜ್ಜನ, ಅಪ್ಪನ ಪಾತ್ರಗಳನ್ನು. ಆ ವಾತ್ಸಲ್ಯದ ಮುಖವನ್ನೇ ಒಂದು ಷರಾದ ಕೆಳಗಿನ ಸಹಿಯ ಹಿಂದೆ ಇರಿಸಿದರೆ, ತಬರನ ಕಥೆಗೆ ಬಾಕಿಯಿರುವ ಇನ್ನರ್ಧ ದೊರಕೀತು.