ಗಾಡಿಯ ಹೊಳಪೂ ತೊಳೆಯುವವನ ಕೈಯೂ

ಮುಂಬಯಿಯ ಉಪನಗರಗಳಲ್ಲಿ ಬೆಳಕು ಹರಿಯುವ ಮುನ್ನವೇ ಬಾಲ್ದಿ, ಬಟ್ಟೆ ಹಿಡಿದು ಸೊಸೈಟಿಯ ಅಂಗಳದಲ್ಲಿ ಕಾರುಗಳನ್ನು ತೊಳೆಯುವ ಶ್ರಮಜೀವಿಗಳನ್ನು ಕಾಣದವರು ವಿರಳ. ಈಗೀಗ ಕೆಲವರ ಬಾಲ್ದಿಯ ಪಕ್ಕದಲ್ಲಿ ಹೊಸದೊಂದು ಸೀಸೆಯೂ ಕಾಣಿಸಿಕೊಂಡಿದೆ. ಅದು ಕಬ್ಬಿಣದ ಧೂಳನ್ನು ಕರಗಿಸುವ ದ್ರಾವಣ. ಅದರ ಗುಣವನ್ನು ಹೊಗಳುವವರುಂಟು. ಅದನ್ನು ಬಳಸುವ ಕೈಯ ಗತಿಯನ್ನು ವಿಚಾರಿಸುವವರು ಕಡಿಮೆ.

ಬ್ರೇಕು ಹಾಕಿದಾಗಲೆಲ್ಲ ಎರಕದ ಕಬ್ಬಿಣದ ಡಿಸ್ಕು ಸವೆದು, ಅದರ ಬಿಸಿ ಕಣಗಳು ಚಕ್ರಕ್ಕೆ ಅಂಟುತ್ತವೆ. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿದ ಈ ನಗರದಲ್ಲಿ, ಹಳಿಯ ಬದಿಯಲ್ಲಿ ಗಾಡಿ ನಿಲ್ಲಿಸುವವರಿಗೆ ರೈಲುಗಾಲಿಯ ಧೂಳೂ ತಪ್ಪಿದ್ದಲ್ಲ. ಕಡಲಿನ ಉಪ್ಪುಗಾಳಿಗೆ ಅದು ಬೇಗನೆ ತುಕ್ಕು ಹಿಡಿದು ಕಂದು ಚುಕ್ಕೆಯಾಗುತ್ತದೆ. ಸಾಬೂನಿಗೆ ಅದು ಬಗ್ಗದು.

ಹಿತ್ತಾಳೆಯ ಕಿಲುಬಿಗೆ ಹುಣಿಸೆಹಣ್ಣು ಹೇಗೋ, ಈ ಚುಕ್ಕೆಗೆ ಈ ದ್ರಾವಣವು ಹಾಗೆ. ಅದರಲ್ಲಿ ಸಾಮಾನ್ಯವಾಗಿರುವುದು ಅಮೋನಿಯಂ ಥಯೋಗ್ಲೈಕೋಲೇಟ್ ಎಂಬ ವಸ್ತು. ಕಬ್ಬಿಣವನ್ನು ಮುಟ್ಟಿದೊಡನೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೊಳೆತ ಮೊಟ್ಟೆಯಂಥ ನಾತ ಬೀರುತ್ತದೆ. ಕೂದಲು ತೆಗೆಯುವ ಲೇಪಗಳಲ್ಲಿರುವುದೂ ಇದೇ ಕುಲದ ವಸ್ತು. ಕೂದಲನ್ನು ಕರಗಿಸಬಲ್ಲದ್ದು ಬರಿಗೈಯ ಚರ್ಮವನ್ನು ಕೆರಳಿಸದೆ ಬಿಟ್ಟೀತೇ?

ಆದುದರಿಂದ ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ ಇವೆರಡೂ ಇಲ್ಲದೆ ಸೀಸೆಯನ್ನು ಮುಟ್ಟತಕ್ಕದ್ದಲ್ಲ. ಗಾಳಿಯಾಡದ ನೆಲಮಾಳಿಗೆ ಇದಕ್ಕೆ ತಕ್ಕ ಸ್ಥಳವಲ್ಲ. ಚಕ್ರವು ತಣ್ಣಗಾದ ಮೇಲೆ, ನೆರಳಿನಲ್ಲಿ, ಮೊದಲು ಕೆಸರನ್ನು ತೊಳೆದು, ಗಾಳಿಗೆ ಬೆನ್ನು ಮಾಡಿ ಸಿಂಪಡಿಸಬೇಕು. ಚೀಟಿಯಲ್ಲಿ ಹೇಳಿದಷ್ಟೇ ನಿಮಿಷ ಕಾದು, ಒಣಗಲು ಬಿಡದೆ ಧಾರಾಳ ನೀರಿನಿಂದ ತೊಳೆಯಬೇಕು. ಒಣಗಿದರೆ ಕಲೆ ಉಳಿದೀತು. ಕಣ್ಣಿಗೆ ಸಿಡಿದರೆ ಕೂಡಲೇ ಹದಿನೈದು ನಿಮಿಷ ನೀರು ಹಾಯಿಸಿ, ಸೀಸೆಯೊಡನೆಯೇ ವೈದ್ಯರಲ್ಲಿಗೆ ಹೋಗುವುದು ಲೇಸು. ತಗಡೇ ಕೊಳೆತು ಬಂದ ತುಕ್ಕಿಗೆ ಇದು ಮದ್ದಲ್ಲವೆಂಬುದೂ ನೆನಪಿರಲಿ.

ಇನ್ನೊಂದು ಮಾತನ್ನು ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ದುಬಾರಿ ಸೀಸೆಯ ಬದಲು ಸಂಡಾಸು ತೊಳೆಯುವ ಆಸಿಡ್ಡನ್ನು ಚಕ್ರಕ್ಕೆ ಸುರಿಯುವ ಜಾಣತನವು ಜಾಣತನವಲ್ಲ. ಅದು ಲೋಹವನ್ನೇ ತಿನ್ನುತ್ತದೆ. ಆಸಿಡ್ಡನ್ನು ಈ ದ್ರಾವಣದೊಡನೆ ಬೆರೆಸಿದರೆ ವಿಷಾನಿಲ ಹೊರಟೀತು. ಬ್ಲೀಚಿಂಗ್ ಪುಡಿಯೊಡನೆ ಬೆರೆಸಿದರಂತೂ ಉಸಿರು ಕಟ್ಟಿಸುವ ಕ್ಲೋರಿನ್ ಏಳುವುದು ನಿಶ್ಚಯ. ಎರಡು ಸೀಸೆಗಳ ಗುಣ ಕೂಡಿದರೆ ಶಕ್ತಿ ಇಮ್ಮಡಿಯಾಗುವುದೆಂಬ ಎಣಿಕೆಯು ಪ್ರಾಣಕ್ಕೆ ಎರವಾಗಬಹುದು.

ಎಚ್ಚರಿಕೆಯೆಲ್ಲ ಸೀಸೆಯ ಮೇಲೆ ಬರೆದಿದೆಯಲ್ಲ ಎಂದು ಮಾಲೀಕರು ಹೇಳಬಹುದು. ಬರೆದಿರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ. ಓದಬಲ್ಲವನು ಮೇಲಿನ ಮಾಳಿಗೆಯಲ್ಲಿ ಚಹ ಕುಡಿಯುತ್ತಿರುತ್ತಾನೆ. ಓದಲಾರದವನ ಕೈ ದ್ರಾವಣದಲ್ಲಿರುತ್ತದೆ. ಸೀಸೆಗೆ ನೂರಾರು ರೂಪಾಯಿ ತೆರುವವರಿಗೆ ಒಂದು ಜೊತೆ ಕೈಗವಸು ಭಾರವಾಗಲಾರದು. ಅದು ದಾನವಲ್ಲ, ಕೂಲಿಯಷ್ಟೇ ನ್ಯಾಯವಾದ ಸಲ್ಲಿಕೆ.

ಆಫೀಸುಗಳಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರು ನಿತ್ಯವೂ ಇಂಗ್ಲಿಷ್ ಕಾಗದಗಳನ್ನು ಓದುವವರು. ನಾಳೆ ಬೆಳಿಗ್ಗೆ ಲೋಕಲ್ ಹಿಡಿಯಲು ಇಳಿಯುವಾಗ, ಅಂಗಳದಲ್ಲಿರುವ ಆ ಸೀಸೆಯ ಚೀಟಿಯನ್ನೂ ಎರಡು ನಿಮಿಷ ಓದಿ, ತೊಳೆಯುವವನಿಗೆ ಅವನ ಮಾತಿನಲ್ಲಿ ತಿಳಿಸಲಿ. ಮಾಸಿದ ಚಕ್ರವನ್ನು ಮತ್ತೆ ಹೊಳೆಯಿಸಬಹುದು. ದುಡಿಯುವ ಕೈ ಕೆಟ್ಟರೆ ಊರಿನಲ್ಲಿ ಮನಿಯಾರ್ಡರಿಗೆ ಕಾದಿರುವ ಮನೆಯೇ ಮಂಕಾಗುತ್ತದೆ.