ಬಾಲವಿಲ್ಲದ ವೀರ್ಯಾಣು

ವೀರ್ಯಾಣುವೆಂದೊಡನೆ ಬಾಲ ಬಡಿಯುವ ಗೊದಮೊಟ್ಟೆಯಂಥ ಚಿತ್ರವನ್ನೇ ನಾವು ಬರೆಯುತ್ತೇವೆ. ಇದು ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿ ವೀರ್ಯವನ್ನು ನೀರಿಗೇ ಬಿಡುತ್ತದೆ. ಅಂಡವನ್ನು ಅರಸಿ ಈಜಬೇಕಾದ ಅದರ ವೀರ್ಯಾಣುವಿಗೆ ಚೂಪಾದ ತಲೆಯೂ ನೀಳವಾದ ಬಾಲವೂ ಉಂಟು. ಕೆಲವು ಜಾತಿಗಳಲ್ಲಿ ಅಂಡದಿಂದ ಹೊಮ್ಮುವ ರಾಸಾಯನಿಕವೇ ಅದಕ್ಕೆ ದಾರಿ ತೋರುತ್ತದೆ. ಗಂಡು ಏಡಿಯಾದರೋ ವೀರ್ಯದ ಪೊಟ್ಟಣಗಳನ್ನು ಹೆಣ್ಣಿನ ದೇಹಕ್ಕೇ ಸೇರಿಸುತ್ತದೆ. ಅದರ ವೀರ್ಯಾಣುವಿಗೆ ಬಾಲವೂ ಇಲ್ಲ, ಈಜೂ ಇಲ್ಲ; ಸುತ್ತಲೂ ತೋಳಿನಂಥ ಚಾಚುಗಳಿವೆ. ಕೂಡುವ ಬಗೆಗೆ ತಕ್ಕ ರೂಪ! 1677ರಲ್ಲಿ ಲೇವನ್‌ಹುಕನು ವೀರ್ಯಾಣುಗಳನ್ನು ಕಂಡು, ಸಂಕೋಚದಿಂದಲೇ ಆದರೂ, ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ನಾವಿನ್ನೂ ನಾಚಿ ಈ ಪಾಠವನ್ನೇ ದಾಟಿಬಿಟ್ಟರೆ ನಷ್ಟ ನಮ್ಮದೇ.