ದಾರಿಯ ಅಂಚು ಯಾರದು?

ಕಳೆದ ಬೇಸಿಗೆಯ ಆರಂಭದಲ್ಲಿ, ನಮ್ಮ ಬಳಗದ ತಿಂಗಳ ಸಭೆಯಲ್ಲಿ, ಒಂದು ಮನವಿಪತ್ರ ಕೈಯಿಂದ ಕೈಗೆ ದಾಟುತ್ತ ನನ್ನ ಬಳಿಗೂ ಬಂತು. ಊರ ಕಡೆಯ ಕಾಡಂಚಿನ ರಸ್ತೆಯೊಂದರ ಇಕ್ಕೆಲಗಳ ಗಿಡಗಂಟಿಗಳನ್ನು ಸವರಿ ತೆಗೆಯುವ ಕೆಲಸವನ್ನು ನಿಲ್ಲಿಸಬೇಕೆಂದು ಕೋರುವ ಪತ್ರ ಅದು. ಒಕ್ಕಣೆ ಸೊಗಸಾಗಿತ್ತು. 'ಹಸಿರು ಸುರಂಗ' ಎಂಬ ಮಾತು ಎರಡು ಸಲ ಬಂದಿತ್ತು. ನಾನು ಸಹಿ ಹಾಕದೆ ಪತ್ರವನ್ನು ಪಕ್ಕದವರಿಗೆ ದಾಟಿಸಿದೆ. 'ಏನು ಸಾರ್, ನೀವೂ ಗುತ್ತಿಗೆದಾರರ ಪಕ್ಷವೇ?' ಎಂದು ಕಿರಿಯ ಮಿತ್ರರೊಬ್ಬರು ನಗುತ್ತಲೇ ಕೇಳಿದರು. ನಗುವಿನ ಹಿಂದೆ ಬೇಸರವಿತ್ತು. ಅಂದು ಅವರಿಗೆ ಕೊಡಲಾಗದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಡಿನ ನಡುವೆ ಅಥವಾ ಕಾಡಿನ ಅಂಚಿನಲ್ಲಿರುವ ಊರಿಗೆ ಇರುವುದು ಒಂದೇ ದಾರಿಯಾದರೆ, ಆ ದಾರಿಯ ಎರಡೂ ಬದಿಯ ಒಣಪೊದೆಯನ್ನು ಪ್ರತಿವರ್ಷ, ಬೇಸಿಗೆಗೆ ಮುನ್ನ, ತಪ್ಪದೆ ತೆಗೆಯಲೇಬೇಕು. ಇದನ್ನು ವಿರೋಧಿಸುವವರು ಕಾಡನ್ನು ಕಾಯುತ್ತಿಲ್ಲ. ತಾವು ನಡೆಯದ ದಾರಿಯ ಸೊಬಗನ್ನು ಕಾಯುತ್ತಿದ್ದಾರೆ.

ಪೋರ್ಚುಗಲ್ಲಿನ ಒಂದು ದಾರಿಯ ಕಥೆಯನ್ನು ಕೇಳಿ. 2017ರ ಜೂನ್ 17, ಶನಿವಾರ. ಆ ದೇಶದ ನಡುಭಾಗದ ಪೆದ್ರೋಗಾವ್ ಗ್ರಾಂದೆ ಎಂಬಲ್ಲಿ ಮಧ್ಯಾಹ್ನ ಕಾಡಿಗೆ ಬೆಂಕಿ ಬಿತ್ತು. ಸಂಜೆಯ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು. ಸುತ್ತಲಿನ ಹಳ್ಳಿಗಳ ಜನ ಮಕ್ಕಳನ್ನೂ ಮುದುಕರನ್ನೂ ಕಾರುಗಳಲ್ಲಿ ಕೂರಿಸಿಕೊಂಡು ಹೊರಟರು. ವಾರಾಂತ್ಯಕ್ಕೆಂದು ಹಿರಿಯರ ಮನೆಗೆ ಬಂದಿದ್ದ ನಗರವಾಸಿಗಳೂ ಅವರಲ್ಲಿದ್ದರು. ಅವರು ಹಿಡಿದ ದಾರಿಯ ಹೆಸರು ಇ.ಎನ್. 236-1. ನೀಲಗಿರಿ ಮತ್ತು ಪೈನ್ ಮರಗಳು ಡಾಂಬರಿನ ಅಂಚಿನವರೆಗೂ ಒತ್ತಿ ನಿಂತಿದ್ದ ದಾರಿ. ಆ ಬೆಂಕಿಯಲ್ಲಿ ಒಟ್ಟು 66 ಜನ ಸತ್ತರು. ಅವರಲ್ಲಿ 47 ಮಂದಿ ಸತ್ತದ್ದು ಆ ಒಂದೇ ದಾರಿಯಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಕೆಲವರು ಕಾರಿನೊಳಗೆ, ಕೆಲವರು ಕಾರು ಬಿಟ್ಟು ಓಡುವಾಗ. ಅತ್ತ ನೊದೈರಿನ್ಯೊ ಎಂಬ ಹಳ್ಳಿಯಲ್ಲಿ ಊರು ಬಿಡದೆ ನೀರಿನ ತೊಟ್ಟಿಯಲ್ಲಿ ಇಳಿದು ನಿಂತ ಕೆಲವರು ಬದುಕಿಕೊಂಡರು.

ಈ ಕಥೆಯಲ್ಲಿ ನನ್ನ ನಿದ್ದೆಗೆಡಿಸಿದ ಸಂಗತಿ ಬೆಂಕಿಯಲ್ಲ, ಕಾನೂನು. ರಸ್ತೆಯ ಎರಡೂ ಬದಿಗಳಲ್ಲಿ ಕನಿಷ್ಠ 10 ಮೀಟರ್ ಅಗಲದ ಪಟ್ಟಿಯಲ್ಲಿ ಉರಿಯುವ ಗಿಡಗಂಟಿಯನ್ನು ಹತೋಟಿಯಲ್ಲಿಡಬೇಕೆಂಬ ಕಾನೂನು ಆ ದೇಶದಲ್ಲಿ 2006ರಿಂದಲೂ ಇತ್ತು. ಹನ್ನೊಂದು ವರ್ಷ ಅದು ಕಾಗದದ ಮೇಲೆ ಹಸಿರಾಗಿಯೇ ಇತ್ತು. ದುರಂತದ ಬಳಿಕ ಮೊಕದ್ದಮೆ ನಡೆಯಿತು. ರಸ್ತೆಯ ನಿರ್ವಹಣೆ ಹೊತ್ತವರು, ವಿದ್ಯುತ್ ತಂತಿಯ ಹೊಣೆಯವರು, ಸ್ಥಳೀಯ ಆಡಳಿತದ ಮುಖ್ಯಸ್ಥರು ಸೇರಿ ಹನ್ನೊಂದು ಮಂದಿ ಕಟಕಟೆಯಲ್ಲಿ ನಿಂತರು. 2022ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅಷ್ಟೂ ಮಂದಿಯನ್ನು ಖುಲಾಸೆಗೊಳಿಸಿತು. ನ್ಯಾಯಾಲಯವನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಅಪರಾಧಕ್ಕೆ ಬೇಕಾದ ಪುರಾವೆಯ ಅಳತೆಯೇ ಬೇರೆ. ಆದರೆ ದಾರಿಯ ಅಂಚು ಎಲ್ಲರಿಗೂ ಸೇರಿದ್ದಾದಾಗ ಅದನ್ನು ಸವರುವ ಕೈ ಯಾರದೂ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಇಂದು ಅದೇ ದಾರಿಯ ಬದಿಯಲ್ಲಿ ಸತ್ತವರ ಹೆಸರು ಕೆತ್ತಿದ ಸ್ಮಾರಕವಿದೆ, ಅದರ ಮುಂದೆ ಒಂದು ಕೊಳವಿದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂದು ನಮ್ಮಲ್ಲಿ ಗಾದೆ. ಅಲ್ಲಿ ಬೆಂಕಿ ಆರಿದ ಮೇಲೆ ಕೊಳ ತೋಡಿದ್ದಾರೆ.

ನನ್ನ ಮಿತ್ರರ ಆಕ್ಷೇಪಗಳು ಮೂರು. ಮೂರಕ್ಕೂ ತೂಕವಿದೆ, ಆದ್ದರಿಂದ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಮೊದಲನೆಯದು: ಅಂಥ ರಾಕ್ಷಸ ಬೆಂಕಿಯ ಮುಂದೆ 10 ಮೀಟರ್ ಬಯಲು ಏನು ಮಾಡೀತು? ನೀಲಗಿರಿಯ ತೊಗಟೆ ಕೆಂಡವಾಗಿ ಗಾಳಿಯಲ್ಲಿ ಎಷ್ಟೋ ದೂರ ಹಾರುತ್ತದಲ್ಲ? ನಿಜ, ಸವರಿದ ಅಂಚು ಕಾಳ್ಗಿಚ್ಚನ್ನು ತಡೆಯುವುದಿಲ್ಲ. ಅದರ ಕೆಲಸ ತಡೆಯುವುದೂ ಅಲ್ಲ. ಬೆಂಕಿಯ ಝಳ ದೂರ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಕಾರಿನ ಗಾಜಿಗೆ ತಾಗುವಂತೆ ಉರಿಯುವ ಪೊದೆಗೂ ಹತ್ತು ಮಾರು ಆಚೆ ಉರಿಯುವ ಪೊದೆಗೂ ನಡುವೆ ಇರುವುದು ಜೀವದ ಅಂತರ. ಸವರಿದ ದಾರಿಯಲ್ಲಿ ಹೊಗೆಯ ನಡುವೆಯೂ ಅಂಚು ಕಾಣುತ್ತದೆ. ಉರಿದ ಮರ ಅಡ್ಡ ಬೀಳುವ ಸಂಭವ ಕಡಿಮೆ. ಎದುರು ಬಂದ ಅಗ್ನಿಶಾಮಕ ವಾಹನಕ್ಕೆ ಜಾಗ ಬಿಡಬಹುದು. ಆ ಅಂಚು ಕೊಡುವುದು ಕೆಲವು ನಿಮಿಷಗಳನ್ನು ಮಾತ್ರ. ಓಡುವವನಿಗೆ ಬೇಕಾದದ್ದೂ ಅಷ್ಟೇ.

ದಾರಿ ಅಗಲವಾಗಿದ್ದ ಮಾತ್ರಕ್ಕೆ ಸಾಕೆಂದೂ ನಾನು ಹೇಳುವುದಿಲ್ಲ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಸುಟ್ಟಾಗ ಸುಮಾರು 26,000 ಜನರ ಊರು ಬೆರಳೆಣಿಕೆಯ ರಸ್ತೆಗಳಲ್ಲಿ ಒಮ್ಮೆಗೇ ನುಗ್ಗಿ ಸಿಕ್ಕಿಹಾಕಿಕೊಂಡಿತು. ಆ ಬೆಂಕಿಯಲ್ಲಿ 85 ಮಂದಿ ಸತ್ತರು. ಹತ್ತು ವರ್ಷ ಹಿಂದೆ, 2008ರ ಬೆಂಕಿಯಲ್ಲೇ, ಆ ದಾರಿಗಳು ಸಾಲವೆಂಬುದು ಬಯಲಾಗಿತ್ತು. ದಾರಿಗಳ ಎಣಿಕೆ, ಮುನ್ಸೂಚನೆ, ಯಾವ ಬೀದಿಯವರು ಮೊದಲು ಹೊರಡಬೇಕೆಂಬ ಕ್ರಮ, ಎಲ್ಲವೂ ಬೇಕು. ಆದರೆ ಇವೆಲ್ಲಕ್ಕೂ ಕೋಟಿಗಳು ಬೇಕು, ವರ್ಷಗಳು ಬೇಕು. ಅಂಚು ಸವರಲು ಬೇಕಾದದ್ದು ಮಚ್ಚು, ಕೂಲಿ ಮತ್ತು ಜನವರಿ ತಿಂಗಳು.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ದಾರಿಬದಿಯ ಗಿಡವೂ ಜೀವವೇ, ಅಲ್ಲಿಯೂ ಹಕ್ಕಿ ಗೂಡು ಕಟ್ಟುತ್ತದೆ ಎಂಬುದು. ಇದನ್ನು ತಳ್ಳಿಹಾಕುವವನು ಮೂರ್ಖ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಕಾಡೆಲ್ಲ ಹೊಲವಾದ ಕಡೆ ದಾರಿಬದಿಯ ಪಟ್ಟಿಗಳೇ ಆ ನೆಲದ ಮೂಲ ಸಸ್ಯಗಳ ಕೊನೆಯ ಆಸರೆ. 2009ರ ಫೆಬ್ರವರಿಯಲ್ಲಿ ಅಲ್ಲಿ 173 ಜನರನ್ನು ಬಲಿಗೊಂಡ ಬೆಂಕಿಯ ಬಳಿಕ ಕುಳಿತ ರಾಯಲ್ ಕಮಿಷನ್ ಈ ಇಕ್ಕಟ್ಟನ್ನು ಎದುರಿಸಿತು. ಎಲ್ಲವನ್ನೂ ಬೋಳಿಸಿ ಎಂದು ಅದು ಹೇಳಲಿಲ್ಲ, ಏನನ್ನೂ ಮುಟ್ಟಬೇಡಿ ಎಂದೂ ಹೇಳಲಿಲ್ಲ. ರಸ್ತೆಗಳ ಬೆಂಕಿಯಪಾಯವನ್ನು ಕ್ರಮವಾಗಿ ಅಳೆಯಿರಿ, ದಾರಿಬದಿಯ ಕೆಲಸಕ್ಕೆ ಸಸ್ಯರಕ್ಷಣೆಯ ನಿಯಮಗಳು ಅಡ್ಡಿಯಾಗದಂತೆ ನೋಡಿಕೊಳ್ಳಿ ಎಂದಿತು. ಯಾವ ದಾರಿ, ಯಾವ ಗಿಡ ಎಂದು ಕೇಳುವುದೇ ವಿವೇಕ. ನಮ್ಮ ಮನವಿಪತ್ರ ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಸಾಲುಮರವೆಂದರೆ ನಮಗೆ ಪುಣ್ಯ. ಅಶೋಕ ದಾರಿಬದಿಯಲ್ಲಿ ಆಲದ ಮರ ನೆಡಿಸಿದೆನೆಂದು ಶಾಸನದಲ್ಲಿ ಬರೆಸಿದ. ನಮ್ಮ ಕಾಲದಲ್ಲಿ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಸಿಗಳಿಗೆ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕ ಇಡೀ ನಾಡಿಗೆ ತಾಯಿಯಾದರು. ಆ ಸಾಲುಮರದ ಮೇಲೆ ಕೊಡಲಿ ಎತ್ತಿದರೆ ಮೊದಲು ಅಡ್ಡ ಮಲಗುವವನು ನಾನು. ಆದರೆ ಆಲ ಬೇರೆ, ಲಂಟಾನ ಬೇರೆ. ಎತ್ತರದ ಕಾಂಡ, ದಟ್ಟ ನೆರಳು, ಕೆಳಗೆ ಗುಡಿಸಿದ ನೆಲ ಇರುವ ಆಲ ಬೆಂಕಿಗೆ ಸುಲಭದ ತುತ್ತಲ್ಲ. ಲಂಟಾನ ಈ ನೆಲದ್ದಲ್ಲ. ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ಬಂದು ನಮ್ಮ ಕಾಡನ್ನು ನುಂಗಿದ ಪೊದೆ. ಬೇಸಿಗೆಯಲ್ಲಿ ಅದರ ಒಣ ಕಡ್ಡಿಗಳು ನೆಲದ ಹುಲ್ಲಿನ ಬೆಂಕಿಯನ್ನು ಮರದ ನೆತ್ತಿಗೆ ಹತ್ತಿಸುವ ಏಣಿಯಾಗುತ್ತವೆ. ತಿಮ್ಮಕ್ಕನ ಹೆಸರಿನಲ್ಲಿ ಲಂಟಾನವನ್ನು ಕಾಯುವುದು ತಿಮ್ಮಕ್ಕನಿಗೆ ಮಾಡುವ ಅವಮಾನ.

ಮೂರನೆಯ ಆಕ್ಷೇಪಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಪೊದೆ ಸವರುವ ನೆಪದಲ್ಲಿ ಗುತ್ತಿಗೆದಾರ ಬೀಟೆ, ಮತ್ತಿಯನ್ನು ಕಡಿದು ಸಾಗಿಸುತ್ತಾನೆ ಎಂಬ ಭಯ ಸುಳ್ಳಲ್ಲ. ಪೋರ್ಚುಗಲ್ಲಿನಲ್ಲಿಯೂ 2018ರಲ್ಲಿ ದಂಡಕ್ಕೆ ಹೆದರಿದ ಜನ ಹಣ್ಣಿನ ಮರಗಳನ್ನೂ ಉರುಳಿಸಿದರು; ಅವನ್ನು ಕಡಿಯಬೇಕಿಲ್ಲವೆಂದು ಸರ್ಕಾರವೇ ವಿವರಿಸಬೇಕಾಯಿತು. ಹಾಗಾದರೆ ನಾವು ಬರೆಯಬೇಕಾದ ಮನವಿ ಯಾವುದು? 'ಸವರಬೇಡಿ' ಎಂದಲ್ಲ. ಪೊದೆ ತೆಗೆಯಿರಿ, ಮರಕ್ಕೆ ಗುರುತು ಹಾಕಿ ಉಳಿಸಿ, ಲೆಕ್ಕವನ್ನು ಗ್ರಾಮಸಭೆಯ ಮುಂದಿಡಿ ಎಂದು. ಕಳ್ಳನ ಭಯಕ್ಕೆ ಮನೆಯ ಬಾಗಿಲನ್ನೇ ಗೋಡೆ ಮಾಡಿ ಮುಚ್ಚುವವರುಂಟೇ?

ಇದೆಲ್ಲ ದೂರದೇಶಗಳ ಮಾತು, ನಮ್ಮಲ್ಲಿ ಹೀಗಾಗುವುದಿಲ್ಲ ಎನ್ನುವವರು ದಿಲ್ಲಿಯ ನಮ್ಮ ಗೆಳೆಯರನ್ನು ಕೇಳಲಿ. ಅವರು ಬೇಸಿಗೆ ರಜೆಗೆ ಹೋಗುವ ಉತ್ತರಾಖಂಡದ ಬಿನ್ಸರ್ ಅಭಯಾರಣ್ಯದಲ್ಲಿ 2024ರ ಜೂನ್ 13ರಂದು ಬೆಂಕಿ ನಂದಿಸಲು ಹೊರಟ ಅರಣ್ಯ ಸಿಬ್ಬಂದಿಯ ವಾಹನವನ್ನೇ ಜ್ವಾಲೆ ಸುತ್ತಿಕೊಂಡಿತು. ನಾಲ್ವರು ಸ್ಥಳದಲ್ಲೇ ಸುಟ್ಟುಹೋದರು. ನಮ್ಮ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಕಾಡು ದಿನಗಟ್ಟಲೆ ಉರಿಯಿತು. ಆ ಬೆಟ್ಟದ ಗುಡಿಗೆ ಭಕ್ತರ ಬಸ್ಸು ಹತ್ತುವುದೂ ಇಳಿಯುವುದೂ ಒಂದೇ ರಸ್ತೆಯಲ್ಲಿ. ಅದೇ ದಿನಗಳಲ್ಲಿ ಬೆಂಗಳೂರಿನ ಯಲಹಂಕದ ವಿಮಾನ ಪ್ರದರ್ಶನದ ವಾಹನ ನಿಲುಗಡೆಯ ಬಯಲಿನಲ್ಲಿ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಅಲ್ಲಿ ಕಾಡಿರಲಿಲ್ಲ, ಇದ್ದದ್ದು ಒಣಹುಲ್ಲು. ಕಾರುಗಳಲ್ಲಿ ಜನರಿರಲಿಲ್ಲವೆಂಬುದಷ್ಟೇ ನಮ್ಮ ಪುಣ್ಯ.

ಇಲ್ಲಿಯವರೆಗೆ ಅನ್ಯರ ಮಾತಾಯಿತು. ಈಗ ನನ್ನ ಮನೆಯದು.

ಚಾಮರಾಜನಗರ ಜಿಲ್ಲೆಯ ಕಾಡಂಚಿನ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ವಯಸ್ಸು ಎಂಬತ್ತರ ಮೇಲೆ. ಊರಿಗೆ ಇರುವುದು ಒಂದೇ ದಾರಿ, ಒಂದು ಬಸ್ಸು ಸಾಗಿದರೆ ಎದುರಿನ ಎತ್ತಿನಗಾಡಿ ಪಕ್ಕಕ್ಕೆ ಇಳಿಯಬೇಕು. ಈಗ ಇಳಿಯಲು ಪಕ್ಕವೇ ಇಲ್ಲ. ಲಂಟಾನ ಡಾಂಬರನ್ನು ಮುಟ್ಟಿದೆ. ಶಿವರಾತ್ರಿಗೆ ಹೋದಾಗ ಕಾರಿನ ಎರಡೂ ಕಿಟಕಿಗಳಿಗೆ ಒಣ ಕಡ್ಡಿಗಳು ಗೀರುತ್ತಿದ್ದವು. ಶಾಲೆಗೆ ನಡೆಯುವ ಮಕ್ಕಳಿಗೆ ತಿರುವಿನಾಚೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಹೆದ್ದಾರಿಯ ಬದಿಯಲ್ಲಾದರೆ ಅರಣ್ಯ ಇಲಾಖೆ ಪೊದೆ ಸವರುತ್ತದೆ, ಕಾಡಿನೊಳಗೆ ಬೆಂಕಿ ರೇಖೆ ಮಾಡುತ್ತದೆ. ಹಳ್ಳಿಯ ದಾರಿಗೆ ಯಾರು? ಪಂಚಾಯಿತಿಯಲ್ಲಿ ಕೇಳಿದೆ. ಡಾಂಬರು ಮಾತ್ರ ನಮ್ಮದು, ಆಚೆಯದು ಕಾಡು ಎಂದರು. ಕಾಡಿನವರನ್ನು ಕೇಳಿದೆ. ಆ ಬದಿ ಕಾಡು ನಿಜ, ಈ ಬದಿ ಖಾಸಗಿ ಜಮೀನು ಎಂದರು.

ಸಂಜೆ ಜಗಲಿಯಲ್ಲಿ ಕುಳಿತು ಅತ್ತೆಯ ಮುಂದೆ ವ್ಯವಸ್ಥೆಯನ್ನು ಬೈಯುತ್ತಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು. ಆಮೇಲೆ, 'ಆ ಪೊದೆ ಶುರುವಾಗೋದೇ ನಿಮ್ಮಪ್ಪನ ಎರಡೆಕರೆಯಿಂದ ಕಣಪ್ಪ. ನೀವೆಲ್ಲ ಹೋದ ಮೇಲೆ ಅಲ್ಲಿ ನೇಗಿಲು ಇಳಿದಿಲ್ಲ' ಎಂದರು.

ಪೋರ್ಚುಗಲ್ಲಿನ ಆ ಹಳ್ಳಿಗಳ ಕಥೆಯೂ ಇದೇ. ಮಕ್ಕಳು ಲಿಸ್ಬನ್ನಿಗೆ, ಹೊರದೇಶಗಳಿಗೆ ಹೋದರು, ಮುದುಕರು ಉಳಿದರು, ಬಿತ್ತದ ಹೊಲಗಳಲ್ಲಿ ಪೊದೆಯೂ ಕಾಗದದ ಕಾರ್ಖಾನೆಗೆ ಮಾರುವ ನೀಲಗಿರಿಯೂ ಬೆಳೆದವು. ವಲಸೆ ಹೋದವರ ಬೆನ್ನ ಹಿಂದೆ ಬೆಳೆದ ಹಸಿರು ಅದು. ನಮ್ಮ ಮನವಿಪತ್ರ 'ಹಸಿರು ಸುರಂಗ' ಎಂದು ಕರೆದದ್ದೂ ಹಲವು ಕಡೆ ಅದನ್ನೇ. ನಾವು ಬಿಟ್ಟುಬಂದ ಹೊಲ ಪೊದೆಯಾಗಿ ದಾರಿಗೆ ಕವಿಯುತ್ತದೆ. ನಾವು ವರ್ಷಕ್ಕೊಮ್ಮೆ ಕಾರಿನಲ್ಲಿ ಹೋಗಿ ಅದರ ಚಿತ್ರ ತೆಗೆದು ಆಹಾ ಎನ್ನುತ್ತೇವೆ. ಆ ಸುರಂಗಕ್ಕೆ ಬೆಂಕಿ ಬಿದ್ದ ದಿನ ಅದರೊಳಗಿಂದ ಹಾಯಬೇಕಾದವರು ನಾವಲ್ಲ, ಅತ್ತೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಒಂದೇ ದಾರಿಯಿರುವ ಕಾಡಂಚಿನ ಊರುಗಳ ಪಟ್ಟಿ ಪ್ರತಿ ತಾಲ್ಲೂಕಿನಲ್ಲೂ ಆಗಲಿ. ಪ್ರತಿ ದಾರಿಯ ಪ್ರತಿ ಬದಿಗೂ ಹೊಣೆಗಾರರ ಹೆಸರು ಬರೆದಿರಲಿ, ಕೆಲಸ ಮುಗಿಯಬೇಕಾದ ದಿನಾಂಕವೂ ಇರಲಿ. ಬಿಟ್ಟುಹೋದ ಜಮೀನಿನ ಒಡೆಯ ಸವರದಿದ್ದರೆ ಪಂಚಾಯಿತಿಯೇ ಸವರಿಸಿ ಖರ್ಚು ವಸೂಲು ಮಾಡಲಿ. ಮೊದಲ ನೋಟಿಸು ನನಗೇ ಬರಲಿ. ಮಚ್ಚಿನಲ್ಲಿ ಮೇಲೆ ಕೊಯ್ದರೆ ಲಂಟಾನ ಮತ್ತೆ ಚಿಗುರುತ್ತದೆ, ಆದ್ದರಿಂದ ಬುಡವನ್ನು ಮಣ್ಣಿನ ಕೆಳಗೆ ಕತ್ತರಿಸಿ ಆ ಜಾಗದಲ್ಲಿ ಊರ ಹುಲ್ಲು ಬೆಳೆಸಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಪೀಠೋಪಕರಣ ಮಾಡಿ ಮಾರುವುದನ್ನು ಕಲಿತಿದ್ದಾರೆ. ಉತ್ತರಾಖಂಡ ಸರ್ಕಾರ 2024ರಲ್ಲಿ ಪೈನ್ ಮರದ ಒಣ ಎಲೆಯನ್ನು ಕಿಲೋಗೆ 50 ರೂಪಾಯಿ ಕೊಟ್ಟು ಕೊಳ್ಳುವುದಾಗಿ ಸಾರಿತು. ಕೂಲಿ ಕೊಟ್ಟು ತೆಗೆಸುವ ದಾರಿಗಳಿಗೆ ಬರವಿಲ್ಲ.

ನನ್ನನ್ನು ಗುತ್ತಿಗೆದಾರರ ಪಕ್ಷ ಎಂದ ಮಿತ್ರರಿಗೆ ಕೊನೆಯ ಮಾತು. ನಮ್ಮ ಎರಡೆಕರೆಯ ರಸ್ತೆಬದಿಯನ್ನು ಸವರಲು ಊರಿನ ನಾಲ್ವರಿಗೆ ಹಣ ಕಳಿಸಿದ್ದೇನೆ. ಬೇಲಿಯ ಹುಣಸೆಮರವನ್ನು ಮುಟ್ಟಬೇಡಿ ಎಂದೂ ಹೇಳಿದ್ದೇನೆ. ಮುಂದಿನ ಸಭೆಗೆ ಆ ಪತ್ರವನ್ನು ಮತ್ತೆ ತನ್ನಿ. ಸಹಿ ಹಾಕಿದವರಲ್ಲಿ ಯಾರ ಯಾರ ಹೊಲ ಯಾವ ಯಾವ ದಾರಿಯ ಅಂಚಿನಲ್ಲಿದೆ, ಅಲ್ಲಿ ಈಗ ಏನು ಬೆಳೆದಿದೆ ಎಂದು ಎಲ್ಲರೂ ಬರೆದು ತರೋಣ. ಆಮೇಲೆ ಬೇಕಾದರೆ ಮನವಿಯ ಮಾತಾಡೋಣ.